ಹಳೆಯ ಗಾಡಿಗೆ ಬ್ರೇಕೇ ಪ್ರಾಣ

“ಬ್ರೇಕು ಕೈಕೊಟ್ಟ ಕಾರಣ ಅಪಘಾತ ಸಂಭವಿಸಿತು” ಎಂಬ ವಾಕ್ಯವನ್ನು ವೃತ್ತಪತ್ರಿಕೆಯಲ್ಲಿ ಓದದವರು ಯಾರು? ಸಿಡಿಲು ಬಡಿಯಿತು, ಹಾವು ಕಚ್ಚಿತು ಎಂಬ ಸುದ್ದಿಗಳನ್ನು ಓದುವ ಹಾಗೆಯೇ ಇದನ್ನೂ ನಾವು ಓದುತ್ತೇವೆ. ವಿಧಿಯ ಮೇಲೆ ಭಾರ ಹಾಕಿ ಪುಟ ಮಗುಚುತ್ತೇವೆ. ಆದರೆ ಬ್ರೇಕಿನ ಒಳಹೊರಗನ್ನು ಬಲ್ಲವರು ಈ ವಾಕ್ಯವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸಿಡಿಲು ಹೇಳದೆ ಕೇಳದೆ ಎರಗೀತು. ಬ್ರೇಕು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಕೆಡುವುದಕ್ಕೆ ವಾರಗಳ, ಎಷ್ಟೋ ವೇಳೆ ತಿಂಗಳುಗಳ ಮೊದಲೇ ಅದು ಕಿರುಗುಟ್ಟುತ್ತದೆ, ನಡುಗುತ್ತದೆ, ವಾಸನೆ ಬೀರುತ್ತದೆ, ಗಾಡಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ತನಗೆ ತಿಳಿದ ಭಾಷೆಯಲ್ಲೆಲ್ಲ ದೂರು ಹೇಳಿಕೊಳ್ಳುತ್ತದೆ. ಕೇಳುವವರೇ ಇಲ್ಲದೆ ಹೋದಾಗ ಒಂದು ದಿನ ಸುಮ್ಮನಾಗುತ್ತದೆ. ಆ ದಿನ ಗಾಡಿ ಎಲ್ಲಿತ್ತು, ಎಷ್ಟು ಭಾರ ಹೊತ್ತಿತ್ತು, ಮುಂದೆ ಯಾರು ನಡೆದು ಹೋಗುತ್ತಿದ್ದರು ಎಂಬುದಷ್ಟೇ ವಿಧಿಗೆ ಬಿಟ್ಟ ಮಾತು.

ಪಟ್ಟಣವಾಸಿಗಳಾದ ನಮಗೂ ಪಿಕಪ್ ಗಾಡಿಯ ಬ್ರೇಕಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಬೆಳಗಿನ ಟೊಮೆಟೊ ಮತ್ತು ಹೂವು ಮಾರುಕಟ್ಟೆಗೆ ಬರುವುದು ಈ ಗಾಡಿಯಲ್ಲಿ. ಬಾಡಿಗೆ ಮನೆ ಬದಲಿಸುವಾಗ ಬೀರು, ಮಂಚ, ತುಳಸಿಕಟ್ಟೆಯನ್ನು ಹೊರುವುದು ಈ ಗಾಡಿ. ಮದುವೆಯ ಪಾತ್ರೆಪಡಗ, ಶಾಮಿಯಾನ, ಕುರ್ಚಿಗಳು ಬರುವುದೂ ಇದರಲ್ಲಿಯೇ. ನಮ್ಮ ಮಕ್ಕಳು ಶಾಲೆಗೆ ಹೋಗುವ ಬೀದಿಯಲ್ಲಿ, ಅವರ ಮೊಣಕೈಯಿಂದ ಒಂದು ಗಜ ದೂರದಲ್ಲಿ ಹಾದುಹೋಗುವುದೂ ಇದೇ. ಈ ಪೈಕಿ ಅನೇಕ ಗಾಡಿಗಳು ಹತ್ತು ಹದಿನೈದು ವರ್ಷ ದುಡಿದು ಎರಡು ಮೂರು ಕೈ ಬದಲಾಯಿಸಿ ಬಂದವು. ಅವುಗಳನ್ನು ಹಳಿದು ಪ್ರಯೋಜನವಿಲ್ಲ. ಸಣ್ಣ ಸಂಸಾರಗಳ ಅನ್ನ ಅವುಗಳ ಮೇಲಿದೆ. ಹಳೆಯ ಗಾಡಿ ಇರಬಾರದೆಂದು ಯಾರೂ ಹೇಳಲಾರರು. ಹಳೆಯ ಗಾಡಿಗೆ ಹಳೆಯ ಬ್ರೇಕು ಇರಬಾರದು ಎಂಬುದಷ್ಟೇ ಈ ಲೇಖನದ ಮಾತು.

ವೇಗ ಎಲ್ಲಿ ಹೋಗುತ್ತದೆ?

ಬ್ರೇಕು ವೇಗವನ್ನು ನಾಶಮಾಡುತ್ತದೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ವೇಗವನ್ನು ಶಾಖವನ್ನಾಗಿ ಮಾರ್ಪಡಿಸುತ್ತದೆ. ಲೆಕ್ಕ ಬಹಳ ಸುಲಭ. ಸರಕು ಸೇರಿ 2,500 ಕಿಲೋಗ್ರಾಂ ತೂಗುವ ಪಿಕಪ್ಪೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆಯೆಂದು ಭಾವಿಸಿ. ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 3 ಲಕ್ಷ 47 ಸಾವಿರ ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಇಷ್ಟು ಶಕ್ತಿ ಸಾಕು. ಎಂದರೆ, ಪ್ರತಿಯೊಂದು ಸಲ ಆ ವೇಗದಿಂದ ಗಾಡಿ ನಿಂತಾಗಲೂ ಒಂದು ಚೊಂಬು ನೀರು ಕುದಿಯುವಷ್ಟು ಕಾವನ್ನು ನಾಲ್ಕು ಚಕ್ರಗಳು ಕೆಲವೇ ಕ್ಷಣಗಳಲ್ಲಿ ನುಂಗಬೇಕು.

ಇದು ಸಮತಟ್ಟಾದ ರಸ್ತೆಯ ಮಾತು. ಘಾಟಿಯ ಕಥೆಯೇ ಬೇರೆ. ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿಯಲ್ಲಿ ಇಳಿಯುವಾಗ, ಕೊಟ್ಟಿಗೆಹಾರದಿಂದ ಚಾರ್ಮಾಡಿಯಲ್ಲಿ ಇಳಿಯುವಾಗ ಗಾಡಿ ನೂರಾರು ಮೀಟರ್ ಎತ್ತರವನ್ನು ಕಳೆದುಕೊಳ್ಳುತ್ತದೆ. ಅದೇ ಪಿಕಪ್ಪು 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 1 ಕೋಟಿ 22 ಲಕ್ಷ ಜೂಲ್. ಹೆಚ್ಚುಕಡಿಮೆ 40 ಲೀಟರ್ ನೀರು, ಒಂದು ಬಚ್ಚಲ ಹಂಡೆಯಷ್ಟು, ಕುದಿಯುವ ಕಾವು. ಎಂಜಿನ್ನಿನ ಸಹಾಯವನ್ನು ಪಡೆಯದೆ ಬರಿಯ ಬ್ರೇಕನ್ನೇ ಒತ್ತಿಕೊಂಡು ಇಳಿಯುವ ಚಾಲಕನು ಈ ಕಾವಿನ ಬಹುಭಾಗವನ್ನು ನಾಲ್ಕು ಕಬ್ಬಿಣದ ಬಟ್ಟಲುಗಳಿಗೆ ತುಂಬುತ್ತಾನೆ. ಘಾಟಿಯ ಬುಡದಲ್ಲಿ ಚಕ್ರಗಳಿಂದ ಹೊಗೆ ಏಳುವುದು ಏಕೆಂದು ಇನ್ನು ಬೇರೆ ಹೇಳಬೇಕಾಗಿಲ್ಲ.

ಪಾದದಿಂದ ಚಕ್ರಕ್ಕೆ

ಮನುಷ್ಯನ ಒಂದು ಪಾದ ಎರಡೂವರೆ ಟನ್ನು ಭಾರವನ್ನು ತಡೆಯುವುದಾದರೂ ಹೇಗೆ? ಇದಕ್ಕೆ ಉತ್ತರ 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲನದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದು ಅವನು ಕಂಡ ನಿಯಮ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಕೊಂತ ದ್ರವವನ್ನು ಒತ್ತುತ್ತದೆ. ಆ ಒತ್ತಡ ಸಣ್ಣ ಉಕ್ಕಿನ ಕೊಳವೆಗಳ ಮೂಲಕ ಪ್ರತಿ ಚಕ್ರಕ್ಕೂ ತಲಪುತ್ತದೆ. ಅಲ್ಲಿ ಅಗಲವಾದ ಕೊಂತಗಳನ್ನು ತಳ್ಳುವಾಗ ಬಲ ಅನೇಕ ಪಟ್ಟು ಹೆಚ್ಚುತ್ತದೆ. ನಾಲ್ಕು ಚಕ್ರಕ್ಕೂ ಇಂಥ ದ್ರವದ ಬ್ರೇಕನ್ನು ಮೊದಲು ಅಳವಡಿಸಿಕೊಂಡ ಕಾರು 1921ರಲ್ಲಿ ಅಮೆರಿಕದಲ್ಲಿ ಬಂದ ಡ್ಯೂಸೆನ್‌ಬರ್ಗ್. ಅದಕ್ಕೆ ಆಧಾರವಾದುದು ಮ್ಯಾಲ್ಕಮ್ ಲಾಕ್‌ಹೀಡನ ಕಲ್ಪನೆ.

ಚಕ್ರದೊಳಗಿನ ವ್ಯವಸ್ಥೆ ಎರಡು ಬಗೆ. ಹಳೆಯದು ಡ್ರಮ್ಮು. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಇದಕ್ಕೆ ರೂಪ ಕೊಟ್ಟನು. ಚಕ್ರದೊಂದಿಗೆ ತಿರುಗುವ ಕಬ್ಬಿಣದ ಬಟ್ಟಲೊಳಗೆ ಅರ್ಧಚಂದ್ರಾಕಾರದ ಎರಡು ‘ಶೂ’ಗಳಿರುತ್ತವೆ, ಅವುಗಳ ಬೆನ್ನಿಗೆ ಘರ್ಷಣೆಯ ಲೈನಿಂಗು ಅಂಟಿರುತ್ತದೆ, ಶೂಗಳು ಅಗಲಿದಾಗ ಲೈನಿಂಗು ಡ್ರಮ್ಮನ್ನು ಒಳಗಿನಿಂದ ಉಜ್ಜುತ್ತದೆ. ಎರಡನೆಯದು ಡಿಸ್ಕು. ಬಯಲಿನಲ್ಲಿ ತಿರುಗುವ ತಟ್ಟೆಯನ್ನು ಎರಡು ಪ್ಯಾಡುಗಳು ಚಿಮುಟದಂತೆ ಹಿಡಿಯುತ್ತವೆ. 1953ರ ಲೆ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಇದರ ಕೀರ್ತಿ ಲೋಕಕ್ಕೆ ಹರಡಿತು. ನಮ್ಮ ರಸ್ತೆಗಳ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕು, ಹಿಂದಿನವಕ್ಕೆ ಡ್ರಮ್ಮು. ಬಹಳ ಹಳೆಯವಾದರೆ ನಾಲ್ಕಕ್ಕೂ ಡ್ರಮ್ಮೇ.

ಲೈನಿಂಗಿನ ಹುಟ್ಟಿನ ಬಗೆಗೆ ಒಂದು ಸ್ವಾರಸ್ಯವಾದ ಸಂಗತಿ ಉಂಟು. ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಚಕ್ರಕ್ಕೆ ಹಳೆಯ ಬೂಟನ್ನು ಒತ್ತಿ ಗಾಡಿಯನ್ನು ತಡೆಯುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬುವನು ಕಂಡನಂತೆ. ಅದಕ್ಕಿಂತ ಬಾಳಿಕೆ ಬರುವ ವಸ್ತುವೊಂದನ್ನು ಮಾಡಬೇಕೆಂದು 1897ರಲ್ಲಿ ಆತನು ಕೆಲಸಕ್ಕೆ ತೊಡಗಿದನು. ಫೆರೋಡೋ ಎಂಬ ಹೆಸರಿನ ಅಕ್ಷರಗಳು ಬಂದುದು ಅವನ ಹೆಸರಿನಿಂದಲೇ. ಬೂಟು ಹೋಯಿತು, ಆದರೆ ಅದು ಕಲಿಸಿದ ಪಾಠ ಉಳಿದಿದೆ. ಗಾಡಿಯನ್ನು ತಡೆಯುವ ವಸ್ತು ಸವೆಯಲೇಬೇಕು. ಸವೆಯುವುದೇ ಅದರ ಧರ್ಮ. ಸವೆದುದನ್ನು ಬದಲಿಸುವುದು ನಮ್ಮ ಧರ್ಮ.

ಬ್ರೇಕಿನ ದೂರುಗಳು

ಹಾಗಾದರೆ ಬ್ರೇಕು ಏನನ್ನು ಹೇಳುತ್ತದೆ? ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಗಳಲ್ಲಿ ಗಾಳಿ ಸೇರಿದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲನ್ನು ತುಳಿದು ಹಾಗೆಯೇ ಹಿಡಿದಿರುವಾಗ ಅದು ಮೆಲ್ಲಗೆ ಕೆಳಕ್ಕೆ ಜಾರುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದಿದೆ. ಒಂದೇ ತುಳಿತಕ್ಕೆ ಹಿಡಿಯದೆ ಎರಡು ಮೂರು ಸಲ ‘ಪಂಪು’ ಮಾಡಿದ ಮೇಲೆ ಹಿಡಿದರೆ, ಲೈನಿಂಗಿಗೂ ಡ್ರಮ್ಮಿಗೂ ನಡುವಣ ಅಂತರ ಹೆಚ್ಚಿರಬಹುದು. ‘ನಮ್ಮ ಗಾಡಿಗೆ ಎರಡು ತುಳಿತ ಬೇಕು’ ಎಂದು ಹೆಮ್ಮೆಯಿಂದ ಹೇಳುವ ಚಾಲಕರನ್ನು ನೋಡಿದ್ದೇನೆ. ಎರಡನೆಯ ತುಳಿತಕ್ಕೆ ಅವಕಾಶವಿಲ್ಲದ ಸಂದರ್ಭ ಬಂದಾಗ ಆ ಹೆಮ್ಮೆಯ ಬೆಲೆ ತಿಳಿಯುತ್ತದೆ.

ಬ್ರೇಕು ಒತ್ತಿದಾಗ ಗಾಡಿ ಎಡಕ್ಕೋ ಬಲಕ್ಕೋ ಎಳೆದರೆ ಒಂದು ಚಕ್ರ ಹಿಡಿಯುತ್ತಿದೆ, ಅದರ ಜೊತೆಯದು ಹಿಡಿಯುತ್ತಿಲ್ಲ. ಕೊಂತ ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು; ಲೈನಿಂಗಿನ ಮೇಲೆ ಗ್ರೀಸು ಬಿದ್ದಿರಬಹುದು; ರಬ್ಬರ್ ಹೋಸು ಒಳಗೊಳಗೇ ಕುಸಿದು ದ್ರವದ ದಾರಿಯನ್ನು ಮುಚ್ಚಿರಬಹುದು. ಪೆಡಲು ಕಾಲಿಗೆ ಮಿಡಿದರೆ ಡ್ರಮ್ಮು ಅಥವಾ ಡಿಸ್ಕು ಸೊಟ್ಟಗಾಗಿದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಒರಟು ಸದ್ದು ಕೇಳಿದರೆ ಲೈನಿಂಗು ಮುಗಿದೇಹೋಗಿದೆ. ಇನ್ನು ಓಡಿಸಿದಷ್ಟೂ ಡ್ರಮ್ಮಿಗೆ ಹಾನಿ. ಸಮತಟ್ಟಾದ ರಸ್ತೆಯಲ್ಲಿ ಓಡಿ ಬಂದ ಗಾಡಿಯ ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಬಿಡದೆ ಹಿಡಿದಿದೆ. ಇಷ್ಟನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಕಾಲು, ಕಿವಿ, ಮೂಗು ನೆಟ್ಟಗಿದ್ದರೆ ಸಾಕು.

ಇವನ್ನು ಉಪೇಕ್ಷಿಸಿದರೆ ಆಗುವ ನಷ್ಟವನ್ನೂ ಲೆಕ್ಕ ಹಾಕಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಮುಂದೆ ಮಗುವೊಂದು ಅಡ್ಡ ಬಂದುದನ್ನು ಕಂಡು ಪಾದ ಪೆಡಲಿಗೆ ಹೋಗುವುದಕ್ಕೆ ಒಂದು ಸೆಕೆಂಡು ಹಿಡಿದರೆ, ಅಷ್ಟರಲ್ಲಿಯೇ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಒಣರಸ್ತೆಯಲ್ಲಿ ಒಳ್ಳೆಯ ಬ್ರೇಕು ಅದನ್ನು ಇನ್ನು 20 ಮೀಟರಿನೊಳಗೆ ನಿಲ್ಲಿಸಬಲ್ಲುದು. ಅರ್ಧ ಶಕ್ತಿ ಕಳೆದುಕೊಂಡ ಬ್ರೇಕಿಗೆ 40 ಮೀಟರ್ ಬೇಕು. ಆ ಹೆಚ್ಚಿನ 20 ಮೀಟರಿನೊಳಗೆ ಯಾರಿರುತ್ತಾರೆ ಎಂಬುದೇ ಪ್ರಶ್ನೆ.

‘ಆಯಿಲ್’ ಎಂಬ ತಪ್ಪು ಹೆಸರು

ಹೆಸರಿನಿಂದಲೇ ಅನರ್ಥ ಹುಟ್ಟಿದ ವಸ್ತುವೊಂದು ಇಲ್ಲಿದೆ. ಬ್ರೇಕಿನ ದ್ರವವನ್ನು ನಮ್ಮ ಗ್ಯಾರೇಜುಗಳಲ್ಲಿ ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ಅದು ಎಣ್ಣೆಯಲ್ಲ, ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯ ರಾಸಾಯನಿಕ. ಎಣ್ಣೆಯೆಂದು ತಿಳಿದು ತುರ್ತಿಗೆ ಎಂಜಿನ್ ಆಯಿಲನ್ನು ಸುರಿಯುವವರಿದ್ದಾರೆ. ಸಿಲಿಂಡರಿನ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆಯುವವರಂತೂ ಹೇರಳ. ಈ ಎಣ್ಣೆಗಳು ಸೋಕಿದರೆ ಒಳಗಿನ ರಬ್ಬರಿನ ವಾಷರುಗಳು ಉಬ್ಬಿ ಮೆತ್ತಗಾಗಿ ಕೆಲಸಕ್ಕೆ ಬಾರದೆ ಹೋಗುತ್ತವೆ. ಅವನ್ನು ತೊಳೆಯಬೇಕಾದುದು ಹೊಸ ಬ್ರೇಕ್ ದ್ರವದಲ್ಲಿಯೇ. ಅಂತೆಯೇ ಈ ದ್ರವ ಗಾಡಿಯ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ತಿನ್ನುತ್ತದೆ. ಕೂಡಲೇ ನೀರಿನಿಂದ ತೊಳೆಯಬೇಕು.

ಇದಕ್ಕೆ ಇನ್ನೊಂದು ಗುಣವಿದೆ. ಮಳೆಗಾಲದ ಉಪ್ಪಿನಂತೆ ಇದು ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ 3’ ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯಬಾರದೆಂಬುದು ನಿಯಮ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ‘ಡಾಟ್ 4’ಕ್ಕೆ ಇವೇ ಅಂಕಿಗಳು 230 ಮತ್ತು 155. ಇದರ ಅರ್ಥವೇನು? ಘಾಟಿಯ ಇಳಿತದಲ್ಲಿ ಕಾದ ಸಿಲಿಂಡರಿನೊಳಗೆ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ಆವಿ ಗಾಳಿಯಂತೆ ಕುಗ್ಗುತ್ತದೆ. ಪೆಡಲು ನೆಲಕ್ಕೆ ಅಂಟುತ್ತದೆ. ಒಂದು ಗಂಟೆ ಬಿಟ್ಟು ತಣ್ಣಗಾದ ಮೇಲೆ ನೋಡಿದರೆ ಬ್ರೇಕು ಏನೂ ಆಗದಂತೆ ಕೆಲಸ ಮಾಡೀತು! ಆದಕಾರಣ ಬಣ್ಣ ಹೇಗೇ ಇರಲಿ, ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸುವುದು ಕ್ಷೇಮ. ಮುಚ್ಚಳ ತೆಗೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ದ್ರವ ಬೇಡ. ಯಾವ ದರ್ಜೆಯೆಂದು ಗಾಡಿಯ ಕೈಪಿಡಿ ಹೇಳುತ್ತದೆಯೋ ಅದನ್ನೇ ಹಾಕಬೇಕು. ‘ಡಾಟ್ 5’ ಎಂಬುದು ಸಿಲಿಕೋನ್ ಜಾತಿ. ಅದನ್ನು ಇವುಗಳೊಡನೆ ಬೆರೆಸಕೂಡದು.

ಲೈನಿಂಗು ಬದಲಿಸುವ ಕ್ರಮ

ಮಲೆನಾಡಿನಲ್ಲಿರುವ ನನ್ನ ಭಾವನವರ ತೋಟದಲ್ಲಿ ಇಪ್ಪತ್ತು ವರ್ಷ ದಾಟಿದ ಪಿಕಪ್ಪೊಂದಿದೆ. ಅದರ ಹಿಂದಿನ ಬ್ರೇಕನ್ನು ಬಿಚ್ಚಿ ಕಟ್ಟುವುದನ್ನು ಅಲ್ಲಿಯ ಹಿರಿಯ ಮೇಸ್ತ್ರಿಯೊಬ್ಬರ ಪಕ್ಕದಲ್ಲಿ ಕುಳಿತು ಕಳೆದ ಬೇಸಿಗೆಯ ರಜೆಯಲ್ಲಿ ನೋಡಿದೆ. ಕಳಚಿದ ಶೂವನ್ನು ಬೆಳಕಿಗೆ ಹಿಡಿದು ಅವರು ಹೇಳಿದರು: “ಮೇಷ್ಟ್ರೇ, ಹುಡುಗನ ಉತ್ತರಪತ್ರಿಕೆ ನೋಡಿ ಅವನು ಎಲ್ಲಿ ಓದಿಲ್ಲ ಅಂತ ನೀವು ಹೇಳ್ತೀರಲ್ಲ, ಹಾಗೇ ಈ ಲೈನಿಂಗ್ ನೋಡಿ ಗಾಡಿ ಹ್ಯಾಗೆ ಓಡಿದೆ ಅಂತ ನಾನು ಹೇಳ್ತೀನಿ.” ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಅತಿಯಾಗಿ ಕಾದಿದೆ, ಬಿರುಕು ಬಿಟ್ಟಿದ್ದರೆ ಇನ್ನೂ ಹೆಚ್ಚು ಕಾದಿದೆ, ಜಿಡ್ಡಾಗಿದ್ದರೆ ಹಬ್ಬಿನ ಆಯಿಲ್ ಸೀಲೋ ವೀಲ್ ಸಿಲಿಂಡರೋ ಸೋರಿದೆ, ಎಡದ್ದು ಸವೆದು ಬಲದ್ದು ಹೊಸದರಂತಿದ್ದರೆ ಬಲಗಡೆ ಬ್ರೇಕು ಕೆಲಸವನ್ನೇ ಮಾಡಿಲ್ಲ.

ಅವರ ಕೆಲಸದ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇನೆ. ಓದುಗರು ಸ್ವತಃ ಸ್ಪ್ಯಾನರು ಹಿಡಿಯಬೇಕೆಂದಲ್ಲ. ಅನುಭವವಿಲ್ಲದವರು ಮೊದಲ ಪ್ರಯೋಗವನ್ನು ಬ್ರೇಕಿನ ಮೇಲೆ ಮಾಡಬಾರದು. ಆದರೆ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಪಕ್ಕದಲ್ಲಿ ನಿಂತು ನೋಡುವ ಗಾಡಿಯ ಯಜಮಾನನಿಗೆ ಇದು ತಿಳಿದಿರಬೇಕು.

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಬೇಕು. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಏಕೆಂದರೆ ಹಿಂದಿನ ಡ್ರಮ್ಮನ್ನು ತೆಗೆಯಲು ಹ್ಯಾಂಡ್ ಬ್ರೇಕನ್ನು ಬಿಡಲೇಬೇಕಾಗುತ್ತದೆ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ, ಅನಂತರ ಜಾಕು ಏರಿಸಿ, ಕೆಳಗೆ ಉಕ್ಕಿನ ಸ್ಟ್ಯಾಂಡು ಇಡಬೇಕು. ಬರಿಯ ಜಾಕನ್ನು ನಂಬಿ ಗಾಡಿಯಡಿ ನುಸುಳುವುದು ಸಾವಿನ ಬಾಗಿಲಿಗೆ ತಲೆಯಿಟ್ಟಂತೆ. ಎರಡೂ ಪಕ್ಕದ ಬ್ರೇಕನ್ನು ಒಟ್ಟಿಗೆ ಬಿಚ್ಚಕೂಡದು. ಒಂದು ಪಕ್ಕವನ್ನು ಮುಗಿಸುವವರೆಗೆ ಇನ್ನೊಂದು ಪಕ್ಕ ಹಾಗೆಯೇ ಇರಲಿ. ಯಾವ ಸ್ಪ್ರಿಂಗು ಯಾವ ತೂತಿಗೆ ಎಂಬ ಸಂದೇಹ ಬಂದರೆ ಅದೇ ನಮಗೆ ನಕ್ಷೆ.

ಡ್ರಮ್ಮು ತೆಗೆದೊಡನೆ ಕಾಣುವ ಕಪ್ಪು ಪುಡಿಯನ್ನು ಬಾಯಿಂದಾಗಲಿ ಕಂಪ್ರೆಸರಿನ ಗಾಳಿಯಿಂದಾಗಲಿ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಂಭವವುಂಟು. ಅದರ ನವಿರಾದ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ಹಲವು ವರ್ಷಗಳ ಮೇಲೆ ಕ್ಯಾನ್ಸರಿಗೂ ಕಾರಣವಾಗಬಲ್ಲವು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಸರಿ. ಗ್ಯಾರೇಜುಗಳಲ್ಲಿ ದುಡಿಯುವ ಚಿಕ್ಕ ಹುಡುಗರ ಸಲುವಾಗಿಯಾದರೂ ಈ ಮಾತನ್ನು ಯಜಮಾನರು ಒತ್ತಿ ಹೇಳಬೇಕು.

ಅನಂತರ ಅಳತೆ. ರಿವೆಟ್ಟು ಹೊಡೆದ ಲೈನಿಂಗಾದರೆ ರಿವೆಟ್ಟಿನ ತಲೆಯವರೆಗೆ ಸವೆಯಲು ಬಿಡದೆ, ಇನ್ನೂ ಒಂದು ಮಿಲಿಮೀಟರಿನಷ್ಟು ಉಳಿದಿರುವಾಗಲೇ ಬದಲಿಸಬೇಕು. ಮುಂದಿನ ಡಿಸ್ಕಿನ ಪ್ಯಾಡುಗಳನ್ನು ಘರ್ಷಣೆಯ ಪದರ ಸುಮಾರು 3 ಮಿಲಿಮೀಟರಿಗೆ ಇಳಿದಾಗ ಬದಲಿಸುವುದು ವಾಡಿಕೆ. ಒಂದೇ ಅಚ್ಚಿನ ಎರಡೂ ಚಕ್ರಗಳಿಗೆ ಒಟ್ಟಿಗೇ ಹೊಸತು ಹಾಕಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಎಂದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಜಿಡ್ಡು ಹೀರಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಶುದ್ಧ ಆತ್ಮವಂಚನೆ. ಕಾದಾಗ ಒಳಗಿನ ಜಿಡ್ಡು ಮತ್ತೆ ಮೇಲಕ್ಕೆ ಬರುತ್ತದೆ. ಡ್ರಮ್ಮಿನಲ್ಲಿ ಗೀರು ಬಿದ್ದಿದ್ದರೆ ಲೇತಿನಲ್ಲಿ ಕಡೆಸಬಹುದು. ಆದರೆ ಅದಕ್ಕೂ ಮಿತಿಯಿದೆ. ಎಷ್ಟು ಅಗಲದವರೆಗೆ ಕಡೆಸಬಹುದೆಂಬ ಅಂಕಿಯನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಎರಕ ಹೊಯ್ದಿರುತ್ತಾರೆ. ಆ ಮಿತಿ ದಾಟಿದ ಡ್ರಮ್ಮು ತೆಳುವಾಗಿ ಬೇಗ ಕಾಯುತ್ತದೆ, ಬಿರಿಯಲೂಬಹುದು. ಅದರ ಜಾಗ ಗುಜರಿ ಅಂಗಡಿ.

ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಮೆಲ್ಲಗೆ ಎತ್ತಿ ನೋಡಿದರೆ ಒಳಗೆ ಒದ್ದೆ ಕಾಣಬಾರದು. ಡ್ರಮ್ಮು ತೆಗೆದಿರುವಾಗ ಯಾರೂ ಪೆಡಲು ತುಳಿಯಬಾರದು. ತುಳಿದರೆ ಕೊಂತಗಳು ಹೊರಕ್ಕೆ ಹಾರುತ್ತವೆ. ಸ್ಪ್ರಿಂಗುಗಳೂ ಕಾವಿಗೆ ಬಲ ಕಳೆದುಕೊಳ್ಳುತ್ತವೆ. ಹಿಗ್ಗಿದವನ್ನು ಮತ್ತೆ ಹಾಕಬಾರದು. ಬಿರುಕು ಬಿಟ್ಟ ರಬ್ಬರ್ ಹೋಸು, ತುಕ್ಕು ತಿಂದ ಉಕ್ಕಿನ ಕೊಳವೆ ಇವಕ್ಕೆ ಬೆಸುಗೆ, ತೇಪೆ ಸಲ್ಲದು, ಹೊಸತೇ ಬೇಕು.

ಎಲ್ಲವನ್ನೂ ಕಟ್ಟಿದ ಮೇಲೆ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಒಬ್ಬನು ಪೆಡಲನ್ನು ತುಳಿದು ಹಿಡಿಯುತ್ತಾನೆ. ಇನ್ನೊಬ್ಬನು ಚಕ್ರದ ಹಿಂದಿನ ನಿಪ್ಪಲನ್ನು ಸಡಿಲಿಸಿ, ಪಾರದರ್ಶಕ ಕೊಳವೆಯ ಮೂಲಕ ಗುಳ್ಳೆಗಳೊಂದಿಗೆ ಬರುವ ದ್ರವವನ್ನು ಸೀಸೆಗೆ ಬಿಡುತ್ತಾನೆ. ನಿಪ್ಪಲು ಮುಚ್ಚುವವರೆಗೆ ಪೆಡಲಿನಿಂದ ಕಾಲು ತೆಗೆಯಕೂಡದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭ. ಬಲಗಡೆ ಸ್ಟಿಯರಿಂಗಿರುವ ನಮ್ಮ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ನಡುನಡುವೆ ಮೇಲಿನ ಡಬ್ಬಿಗೆ ದ್ರವ ತುಂಬುತ್ತಿರಬೇಕು. ಅದು ಬರಿದಾದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

ಚಕ್ರ ಹಾಕಿ ನಟ್ಟುಗಳನ್ನು ಎದುರುಬದುರಾಗಿ ಬಿಗಿಸಬೇಕು. ಗಾಡಿಯನ್ನು ಕದಲಿಸುವ ಮೊದಲು ಪೆಡಲು ಗಟ್ಟಿಯಾಗುವವರೆಗೆ ತುಳಿಯಬೇಕು. ಹೊಸ ಪ್ಯಾಡು ಹಾಕಿದಾಗ ಮೊದಲ ಒಂದೆರಡು ತುಳಿತಗಳು ಶೂನ್ಯಕ್ಕೆ ಹೋಗುವುದುಂಟು. ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರುಗಳಲ್ಲಿ, ತೀರ ಅಗತ್ಯ ಬಿದ್ದ ಹೊರತು, ಜೋರಾಗಿ ಬ್ರೇಕು ಹಾಕದೆ ಹೊಸ ಲೈನಿಂಗು ಡ್ರಮ್ಮಿನೊಡನೆ ಹೊಂದಿಕೊಳ್ಳಲು ಬಿಡಬೇಕು. ನಟ್ಟುಗಳನ್ನು ಮರುದಿನ ಇನ್ನೊಮ್ಮೆ ನೋಡಬೇಕು. “ಈ ಮರುದಿನದ ಕೆಲಸಕ್ಕೆ ಯಾರೂ ಬರೋದಿಲ್ಲ, ಮೇಷ್ಟ್ರೇ” ಎಂದರು ಆ ಮೇಸ್ತ್ರಿ. “ದುಡ್ಡು ಕೇಳ್ತೀನಿ ಅಂತ ಭಯ. ನಾನು ಅದಕ್ಕೆ ದುಡ್ಡೇ ತಗೊಳ್ಳೋದಿಲ್ಲ.”

ಪಿಕಪ್ಪಿನ ವಿಶೇಷ ಕಷ್ಟ

ಕಾರಿಗಿಲ್ಲದ ತೊಡಕೊಂದು ಪಿಕಪ್ಪಿಗಿದೆ. ಬೆಳಿಗ್ಗೆ ಒಂದು ಟನ್ನಿಗೂ ಹೆಚ್ಚು ಸರಕು ಹೊತ್ತು ಹೋದ ಗಾಡಿ ಸಂಜೆ ಖಾಲಿ ಬರುತ್ತದೆ. ಖಾಲಿಯಿದ್ದಾಗ ಹಿಂಭಾಗ ಹಗುರ. ಹಿಂದಿನ ಬ್ರೇಕು ಬಲವಾಗಿ ಹಿಡಿದರೆ ಚಕ್ರ ಜಾರಿ ಬಾಲ ತಿರುಗುತ್ತದೆ. ತುಂಬಿದಾಗ ಅದೇ ಹಿಂದಿನ ಬ್ರೇಕು ಹೆಚ್ಚು ಹಿಡಿಯಬೇಕು. ಇದಕ್ಕಾಗಿ ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿನ ಬಳಿ ಒಂದು ಕವಾಟವಿರುತ್ತದೆ. ಭಾರಕ್ಕೆ ಗಾಡಿಯ ಒಡಲು ಎಷ್ಟು ತಗ್ಗಿದೆಯೆಂದು ಒಂದು ಸಣ್ಣ ಸಲಾಕೆಯ ಮೂಲಕ ತಿಳಿದು, ಅದಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡವನ್ನು ಹಂಚುತ್ತದೆ.

ಇನ್ನು ನಮ್ಮವರ ಜಾಣತನವನ್ನು ನೋಡಿ. ಹೆಚ್ಚು ಸರಕು ಹೇರಬೇಕೆಂದು ಹಿಂದಿನ ಕಮಾನಿಗೆ ಒಂದೆರಡು ಪಟ್ಟಿಗಳನ್ನು ಸೇರಿಸುತ್ತಾರೆ. ಗಾಡಿ ತಗ್ಗುವುದು ನಿಲ್ಲುತ್ತದೆ. ‘ಗಾಡಿ ಖಾಲಿಯಿದೆ’ ಎಂದು ಕವಾಟ ಭಾವಿಸುತ್ತದೆ. ಹಿಂದಿನ ಬ್ರೇಕಿಗೆ ಒತ್ತಡವನ್ನು ಕಡಿಮೆ ಮಾಡುತ್ತದೆ. ಎಂದರೆ ಭಾರ ಅತಿ ಹೆಚ್ಚಿರುವ ಹೊತ್ತಿಗೇ ಬ್ರೇಕು ಅತಿ ಕಡಿಮೆ! ಮುಂದಿನ ಪ್ಯಾಡುಗಳು ಬೇಗ ಸವೆಯುತ್ತವೆ, ಕಾಯುತ್ತವೆ. ಪ್ಯಾಡಿನ ಕಂಪೆನಿಯನ್ನು ಬೈಯುತ್ತ ನಾವು ಅಂಗಡಿಯಿಂದ ಅಂಗಡಿಗೆ ಅಲೆಯುತ್ತೇವೆ.

ಇನ್ನೊಂದು ಅಪಾಯಕಾರಿ ಉಳಿತಾಯವೆಂದರೆ ಇಳಿಜಾರಿನಲ್ಲಿ ಗೇರು ತಪ್ಪಿಸಿ, ಕೆಲವರು ಎಂಜಿನ್ನನ್ನೂ ಆರಿಸಿ, ಡೀಸೆಲ್ ಉಳಿಸುವುದು. ಪೆಡಲಿಗೆ ಬಲ ಕೂಡಿಸುವ ಬೂಸ್ಟರು ನಿರ್ವಾತದಿಂದ ನಡೆಯುತ್ತದೆ. ಆ ನಿರ್ವಾತ ಬರುವುದು ಎಂಜಿನ್ನು ಓಡುತ್ತಿದ್ದಾಗ. ಎಂಜಿನ್ನು ನಿಂತರೆ ಎರಡು ಮೂರು ತುಳಿತಗಳಿಗೆ ಉಳಿದ ನಿರ್ವಾತ ಮುಗಿದು ಪೆಡಲು ಕಲ್ಲಾಗುತ್ತದೆ. ಘಾಟಿಯನ್ನು ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬ ಹಳೆಯ ಚಾಲಕರ ಮಾತು ಭೌತಶಾಸ್ತ್ರಕ್ಕೆ ಸಮ್ಮತವಾದುದು. ಎಂಜಿನ್ನು ಹಿಡಿದು ನಿಲ್ಲಿಸಿದಷ್ಟೂ ಕಾವು ಡ್ರಮ್ಮಿಗೆ ತಪ್ಪುತ್ತದೆ.

ಇಷ್ಟಾಗಿಯೂ ಪೆಡಲು ಕುಸಿದರೆ? ಕಾಲನ್ನು ಬೇಗ ಬೇಗ ಎತ್ತಿ ತುಳಿಯಬೇಕು; ಕೊಂಚ ಒತ್ತಡ ಮರಳಬಹುದು. ಕ್ರಮವಾಗಿ ಕೆಳಗಿನ ಗೇರಿಗೆ ಇಳಿಯಬೇಕು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಜಗ್ಗದೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಸಾಮಾನ್ಯವಾಗಿ ಅದು ತಂತಿಯಿಂದ ನಡೆಯುವುದರಿಂದ ದ್ರವ ಹೋದರೂ ಉಳಿದಿರುತ್ತದೆ. ಹಾರನ್ನು, ದೀಪ ಬಿಡಬಾರದು. ಬೇರೆ ಗತಿಯಿಲ್ಲದಾಗ ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಯ ಮಣ್ಣಿನ ದಿಬ್ಬಕ್ಕೆ ಗಾಡಿಯನ್ನು ಒರೆಸಿ ನಿಲ್ಲಿಸಬೇಕು. ಆದರೆ ಇದು ಬೆಂಕಿ ಬಿದ್ದಾಗ ಬಾವಿ ತೋಡುವ ವಿದ್ಯೆ.

ಮೂಗಿಗಿಂತ ಮೂಗುತಿ ಭಾರ

ಗಾಡಿಗೆ ಹೊಸ ಬಣ್ಣ, ಕುಚ್ಚು, ಬಣ್ಣಬಣ್ಣದ ದೀಪ, ಹಾಡುವ ಹಾರನ್ನು ಇವಕ್ಕೆ ಖರ್ಚು ಮಾಡುವವರು ಲೈನಿಂಗಿನ ವಿಷಯ ಬಂದಾಗ ‘ಇನ್ನೊಂದು ತಿಂಗಳು ಓಡಲಿ’ ಎನ್ನುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲುಸಾಲಾಗಿ ಮೋಟಾರು ಬಿಡಿಭಾಗಗಳ ಅಂಗಡಿಗಳಿವೆ; ಅಲ್ಲಿ ಒಂದು ಗಂಟೆ ನಿಂತರೆ ಅಲಂಕಾರ ಎಷ್ಟು ಸಲೀಸಾಗಿ ಮಾರಾಟವಾಗುತ್ತದೆ, ಬ್ರೇಕಿನ ಬೆಲೆಗೆ ಎಷ್ಟು ಚೌಕಾಸಿ ನಡೆಯುತ್ತದೆ ಎಂಬುದನ್ನು ನೋಡಬಹುದು. ಎಂಟು ವರ್ಷ ದಾಟಿದ ಸರಕು ವಾಹನಗಳು ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕೆಂಬ ನಿಯಮವೇನೋ ಇದೆ. ಆದರೆ ಆ ಪತ್ರ ಒಂದು ದಿನದ ಪರೀಕ್ಷೆಯ ಫಲ. ಉಳಿದ 364 ದಿನಗಳ ಪರೀಕ್ಷಕರು ಯಜಮಾನ ಮತ್ತು ಚಾಲಕ.

ಬಾಡಿಗೆ ಕೊಡುವ ನಾವೂ ಪೂರ್ತಿ ನಿರ್ದೋಷಿಗಳಲ್ಲ. ನೂರು ರೂಪಾಯಿ ಕಡಿಮೆ ಹೇಳಿದವನ ಗಾಡಿಯನ್ನೇ ಆರಿಸುತ್ತೇವೆ. ಎರಡು ಸುತ್ತಿನ ಸಾಮಾನನ್ನು ಒಂದೇ ಸುತ್ತಿಗೆ ಹೇರಿಸುತ್ತೇವೆ. ಮುಹೂರ್ತ ಮೀರುತ್ತದೆಂದು ಅವಸರಪಡಿಸುತ್ತೇವೆ. ಆ ನೂರು ರೂಪಾಯಿ ಎಲ್ಲಿಂದ ಉಳಿಯಿತೆಂದು ಕೇಳುವುದಿಲ್ಲ. “ಬ್ರೇಕು ಯಾವಾಗ ನೋಡಿಸಿದೆಯಪ್ಪ?” ಎಂಬ ಒಂದು ಪ್ರಶ್ನೆಯನ್ನು ಗಾಡಿ ಹೊರಡುವ ಮುಂಚೆ ಕೇಳಿದರೆ ಯಾರೂ ಕೋಪಗೊಳ್ಳುವುದಿಲ್ಲ. ಕೇಳುವವರು ಹೆಚ್ಚಾದರೆ ನೋಡಿಸುವವರೂ ಹೆಚ್ಚುತ್ತಾರೆ.

ನವರಾತ್ರಿಯ ಆಯುಧಪೂಜೆಗೆ ನಮ್ಮ ನಾಡಿನ ಗಾಡಿಗಳೆಲ್ಲ ಮಿಂದು, ಬಾಳೆಕಂದು ಕಟ್ಟಿಕೊಂಡು, ಕುಂಕುಮ ಹಚ್ಚಿಸಿಕೊಂಡು ನಿಲ್ಲುತ್ತವೆ. ಕುಂಬಳಕಾಯಿ ಒಡೆಯುತ್ತೇವೆ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಆ ಪೂಜೆಗೆ ಒಂದು ವಾರ ಮೊದಲು ನಾಲ್ಕು ಚಕ್ರಗಳನ್ನೂ ಕಳಚಿ ಒಳಗೆ ನೋಡುವ ಪದ್ಧತಿಯನ್ನು ಇಟ್ಟುಕೊಂಡರೆ ವರ್ಷಕ್ಕೊಂದು ತಪಾಸಣೆ ತಾನಾಗಿಯೇ ನಡೆದಂತಾಯಿತು. ತಾರೀಖು ಮರೆಯುವ ಭಯವೂ ಇಲ್ಲ. ಹೆಚ್ಚು ದುಡಿಯುವ ಗಾಡಿಯಾದರೆ ಯುಗಾದಿಯ ಹೊತ್ತಿಗೆ ಇನ್ನೊಮ್ಮೆ. ಅರಸಿನ ಕುಂಕುಮದ ಜೊತೆಗೆ ಹೊಸ ಲೈನಿಂಗನ್ನೂ ಬೇಡುವ ಚಕ್ರಗಳು ನಮ್ಮ ಬೀದಿಯಲ್ಲಿ ಎಷ್ಟಿವೆಯೋ, ಬಿಚ್ಚಿ ನೋಡಿದವರಿಗೆ ಮಾತ್ರ ತಿಳಿದೀತು.